ಗಾಜಿನ ಬೀರುವಿನ ಗೇರ್ ಪುಸ್ತಕ

ಯಂತ್ರದ ಪರೀಕ್ಷೆಯಲ್ಲಿ ಮುರಿದುಬಿದ್ದ ಗೇರಿನ ಹಲ್ಲನ್ನು ಮುಖ್ಯ ಇಂಜಿನಿಯರ್ ಕಿರಿಯ ವಿನ್ಯಾಸಗಾರ್ತಿಯ ನಕ್ಷೆಯ ಮೇಲೆ ಟಣ್ಣನೆ ಕುಕ್ಕಿದರು. "ಹಲ್ಲು ಎಷ್ಟು ಭಾರ ತಡೆಯುತ್ತೆ ಅಂತ ಗೇರ್ ಪುಸ್ತಕದಲ್ಲಿ ನೋಡೋಕೆ ನಿನಗೇನಮ್ಮ ದಾಡಿ?"

"ಪುಸ್ತಕ ಕೇಳಿದ್ದೆ ಸರ್. ಕೊಳೆಯಾಗುತ್ತೆ, ಅಂದಾಜಲ್ಲೇ ಮಾಡು ಅಂದ್ರಿ..." ಅವಳು ಬಾಯೊಳಗೇ ಗೊಣಗಿದಳು.

"ಬಾಯಲ್ಲಿ ಕಡುಬು ತುರುಕಿದಾರಾ?" ಎಂದರು ಅವರು. ಸುತ್ತಲಿನ ಮೇಜುಗಳೆಲ್ಲ ನಕ್ಕವು.

ಅವರು ಜೇಬಿನಿಂದ ಕೀಲಿ ತೆಗೆದು ಗಾಜಿನ ಬೀರು ತೆರೆದರು. ಪುಸ್ತಕದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಇನ್ನೂ ಹರಿದಿರಲಿಲ್ಲ. ಧೂಳೊರೆಸಿ ಅದನ್ನು ಅವಳ ಕೈಗಿಟ್ಟರು. ಸದ್ಯ, ಕೋಪ ಇಳಿಯಿತು ಎಂದುಕೊಂಡು ಅವಳು ಅದನ್ನು ಎದೆಗವಚಿಕೊಂಡಳು.

"ಇಟ್ಕೊಳಮ್ಮ," ಎಂದರು ಅವರು ಅಕ್ಕರೆಯಿಂದ. "ನಾಳೆಯಿಂದ ಮನೇಲೇ ಇರ್ತೀಯಲ್ಲ, ಓದೋಕೆ ಬೇಕಾದಷ್ಟು ಪುರುಸೊತ್ತು."