ಆಶ್ರಮದ ದಾಖಲೆ

ಅಜ್ಜ ಮದುವೆಯಾಗದವಳಿಗೆ ಹುಟ್ಟಿದವನು ಎಂಬ ಮಾತು ಕಿವಿಗೆ ಬಿದ್ದಂದಿನಿಂದ ಕಸ್ತೂರಿ ಅವನ ತಂದೆತಾಯಿಯ ಹೆಸರಿಗಾಗಿ ಮೂರು ವರ್ಷ ಅಲೆದಿದ್ದಳು. ಪುರಸಭೆಯ ಜನನ ದಾಖಲೆಗಳಲ್ಲಿ ಅವನ ಹೆಸರೇ ಇರಲಿಲ್ಲ. ಅಜ್ಜನನ್ನೇ ಕೇಳಿದರೆ, “ನನಗೇನೂ ನೆನಪಿಲ್ಲವ್ವಾ” ಎಂದು ಎದ್ದುಹೋಗುತ್ತಿದ್ದ. ಕಡೆಗೊಮ್ಮೆ ಅವನು ಬೆಳೆದ ಅನಾಥಾಶ್ರಮದ ಹಳೆಯ ದಾಖಲೆ ಸಿಕ್ಕಿತು. ಅದರ ನಕಲನ್ನು ತಂದು ಅವನ ಮುಂದೆ ಒಗೆದಳು.

“ತಂದೆ ಗೊತ್ತಿಲ್ಲ, ತಾಯಿ ತೀರಿಕೊಂಡಾಳ. ಇಷ್ಟ ಬರದಾರ ನೋಡು! ಇದರ ಸಲುವಾಗಿ ಮೂರು ವರ್ಷ ತಿರುಗಿದೆ ನಾನು.”

ಎಂಬತ್ತೇಳರ ಅಜ್ಜ ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಓದಿದ.

“ಆಶ್ರಮಕ್ಕ ಸೇರಿದಾಗ ನಿನಗ ಆರು ವರ್ಷ ಅಜ್ಜಾ. ಸ್ವಲ್ಪರ ನೆನಪಿರಬೇಕಲ್ಲ? ಅಲ್ಲಿಗೆ ಕರಕೊಂಡು ಹೋದವರು ಯಾರು?”

“ಒಬ್ಬ ಹೆಣ್ಣುಮಗಳು.”

“ತಾಯಿ ಸತ್ತಾಳಂತ ಬರೆಸಿದಾಕೀನೂ ಅಕೀನ ಏನು?”

“ಹೂಂ. ನನ್ನ ಕೈ ಹಿಡಕೊಂಡ ನಿಂತು ಬರೆಸಿದ್ಳು.”

ಕಸ್ತೂರಿಗೆ ತಾಳ್ಮೆ ತಪ್ಪಿತು. “ಅಕಿಗೆ ಹೆಂಗ ಗೊತ್ತು? ಯಾರಕಿ?”

ಅಜ್ಜ ಹಾಳೆಯನ್ನು ಮಡಚಿ ಅವಳ ಕೈಗೆ ಕೊಟ್ಟ.

“ನಮ್ಮವ್ವ.”