ಮುಟ್ಟಬಾರದ ಸಾಲು

ಇನ್ನೊಂದು ಸಲ ಒತ್ತಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಸಣ್ಣಪುಟ್ಟ ಗ್ರಂಥಾಲಯಗಳಿಗೆಂದು ತಾನೂ ಹೆಂಡತಿ ಮಾರ್ನಿಯೂ ಸೇರಿ ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಲಿ, ತಿದ್ದಿಕೊಳ್ಳಲಿ ಎಂದು ಬಿಟ್ಟುಕೊಟ್ಟಿದ್ದ ಸಾಫ್ಟ್‌ವೇರಿನ ಪುಟವನ್ನು ಅಳಿಸಲು ಆರ್ವಿಡ್ ಬೆರಳೆತ್ತಿದ್ದ. ಮಾರ್ನಿ ತೀರಿಕೊಂಡ ಮೇಲೆ ಮಿನೆಸೋಟಾದ ಆ ಮನೆಯಲ್ಲಿ ಸದ್ದು ಮಾಡುತ್ತಿದ್ದುದು ಹೀಟರ್ ಒಂದೇ. ಅಷ್ಟರಲ್ಲಿ ಪರದೆಯ ಮೇಲೆ ಕರೆ ಬಂತು. ಮೆಕ್ಸಿಕೋದ ಗುಡ್ಡದೂರೊಂದರ ಗ್ರಂಥಪಾಲಕಿ ಶಿಮೇನಾ. ಅವಳ ಮುಖ ನೋಡುತ್ತಿರುವುದು ಇದೇ ಮೊದಲು.

“ಸರ್, ನಮ್ಮೂರ ಭಾಷೇನೂ ಅದರಲ್ಲಿ ಕೂರಿಸಿಬಿಟ್ವಿ! ಮಕ್ಕಳು ಈಗ ತಮ್ಮ ಮಾತಲ್ಲೇ ಪುಸ್ತಕ ಹುಡುಕ್ತಾರೆ. ದುಡ್ಡು ಕೊಟ್ಟು ತಂದಿದ್ದಾಗಿದ್ರೆ ಹೀಗೆ ಅದರ ಹೊಟ್ಟೆ ಬಗೆದು ನೋಡೋಕೆ ಬಿಡ್ತಿದ್ರಾ? ಆದ್ರೆ ಕೋಡ್‌ನಲ್ಲಿ ಒಂದು ಸಾಲು ಮಾತ್ರ ಮುಟ್ಟಿಲ್ಲ.”

“ಯಾಕಮ್ಮ?”

“ಅದರ ಮಗ್ಗುಲಲ್ಲೇ ಮಾರ್ನಿ ಅಮ್ಮಾವ್ರು ಬರೆದಿಟ್ಟಿದಾರೆ: ‘ಆರ್ವಿಡ್, ಇದಕ್ಕೆ ಕೈ ಹಾಕಿದ್ರೆ ಇವತ್ತು ನಿಂಗೆ ಊಟ ಇಲ್ಲ.’ ಇದನ್ನ ಬಳಸೋ ಕೀನ್ಯಾದವ್ರು, ಪೋಲೆಂಡಿನವ್ರು, ನಾವು, ಎಲ್ಲಾ ಹೆದರ್ಕೊಂಡು ಅದನ್ನ ಸುತ್ತು ಹಾಕ್ಕೊಂಡೇ ಹೋಗ್ತೀವಿ.” ಶಿಮೇನಾ ನಕ್ಕಳು. “ಅಮ್ಮಾವ್ರನ್ನ ಒಂದು ಮಾತು ಕೇಳಿ ಹೇಳ್ತೀರಾ, ಈಗ ಮುಟ್ಟಬಹುದಾ ಅಂತ?”

ಆರ್ವಿಡ್ ಅಡುಗೆಮನೆಯ ಕಡೆ ತಿರುಗಿ ನೋಡಿದ. ಒಲೆಯ ಮೇಲೆ ಒಬ್ಬನಿಗಾಗುವಷ್ಟು ಸೂಪು ತಣ್ಣಗಾಗುತ್ತಿತ್ತು.

“ಬೇಡ ಕಣಮ್ಮ,” ಎಂದ, ಅಳಿಸುವ ಗುಂಡಿಯಿಂದ ಬೆರಳನ್ನು ಹಿಂದಕ್ಕೆಳೆದುಕೊಳ್ಳುತ್ತ. “ಅಂದಿದ್ದನ್ನ ಮಾಡೋಳೇ ಅವಳು.”