ಇಲಿಗಳಿಲ್ಲದ ಪುಸ್ತಕ

ಗುಡ್ಡಮ್ಮ ಎರಡನೇ ಸಲ ಸೈಕಲ್ಲಿನಿಂದ ಬಿದ್ದು ಮೊಣಕೈ ತರಚಿಕೊಂಡ ದಿನ ಸೊಸೆ ರಮ್ಯ ಮಮತಾಗೆ ಫೋನು ಮಾಡಿದಳು. "ಮಮತಕ್ಕ, ನೀವೇ ಬಂದು ಮಾವಂಗೆ ಹೇಳ್ರಿ. ಅತ್ತೆಗೆ ಬೆಳಿಗ್ಗೆ ತಿಂದಿದ್ದು ಮಧ್ಯಾಹ್ನ ನೆನಪಿರಲ್ಲ. ಅಂಥೋರಿಗೆ ಸೈಕಲ್ ಕಲಿಸ್ತಾ ಇದಾರೆ. ಕೇಳಿದ್ರೆ, ಪುಸ್ತಕದಾಗೆ ಬರದೈತೆ ಅಂತಾರೆ."

ಮಮತಾ ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಇಲಿಗಳ ಮಿದುಳಿನ ಅಧ್ಯಯನ ಮಾಡುವವಳು. ರಜೆಗೆಂದು ಶಿಕಾರಿಪುರದ ತವರಿಗೆ ಬಂದಿದ್ದಳು. ಮರುದಿನವೇ ಬಸ್ಸು ಹತ್ತಿ ಆನವಟ್ಟಿಯಲ್ಲಿ ಇಳಿದಳು. ಸೋದರಮಾವ, ಗುಡ್ಡಮ್ಮನ ಗಂಡ ಶಾಂತವೀರಪ್ಪ ಜಗಲಿಯ ಮೇಲೆ ಪುಸ್ತಕ ಹಿಡಿದೇ ಕೂತಿದ್ದರು. ಮಿದುಳಿನ ಬಗ್ಗೆ ಎಲ್ಲರಿಗೂ ತಿಳಿಯುವಂತೆ ಬರೆದದ್ದು. ಗೆರೆ ಎಳೆದಿದ್ದ ಸಾಲಿನ ಮೇಲೆ ಬೆರಳಿಟ್ಟು ಕೊಟ್ಟರು. ಹೊಸದನ್ನು ಕಲಿತಷ್ಟೂ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆ ಎಂದಿತ್ತು.

ಇಂಥ ಪುಸ್ತಕಗಳೆಂದರೆ ಮಮತಾಗೆ ಒಂದು ಚಟ. ಹೈಸ್ಕೂಲಿನಲ್ಲಿದ್ದಾಗ ಶಿಕಾರಿಪುರದ ಗ್ರಂಥಾಲಯದಲ್ಲಿ ಇಂಥದ್ದೇ ಒಂದನ್ನು ಓದಿ ವಿಜ್ಞಾನಿಯಾಗಲು ಹೊರಟವಳು. ಅದರಲ್ಲಿ ಅರ್ಧ ತಪ್ಪೆಂದು ತಿಳಿಯಲು ಪಿಎಚ್‌.ಡಿ. ಮಾಡಬೇಕಾಯಿತು. ನಕ್ಷತ್ರದ ಬಗ್ಗೆ, ಸಮುದ್ರದ ಬಗ್ಗೆ ಬರೆದದ್ದನ್ನು ಈಗಲೂ ಕಣ್ಣುಮುಚ್ಚಿ ನಂಬುತ್ತಾಳೆ. ಮಿದುಳಿನ ಪುಸ್ತಕ ಮಾತ್ರ, ಅಡುಗೆ ಭಟ್ಟನಿಗೆ ಹೋಟೆಲಿನ ಊಟ ಸೇರದ ಹಾಗೆ, ಸೇರುವುದಿಲ್ಲ. ಈ ಪುಟದಲ್ಲಿದ್ದ ಪ್ರಯೋಗ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಬರೆದವರು ಇಲಿಗಳನ್ನು ಹೊರಗೆ ಕಳಿಸಿ ಆ ಜಾಗದಲ್ಲಿ ಮನುಷ್ಯರನ್ನು ಕೂರಿಸಿದ್ದರು.

"ನಿಜ ಏನವ್ವ?" ಎಂದರು ಶಾಂತವೀರಪ್ಪ.

"ಇದು ಇಲಿಗಳ ಮೇಲೆ ಮಾಡಿದ್ದು ಮಾವ. ಮನುಷ್ಯರಿಗೂ ಹಂಗೇ ಆಗ್ತದೆ ಅಂತ ಹೇಳಕ್ಕೆ ಬರಲ್ಲ. ನಮ್ಮ ವಿಜ್ಞಾನಿಗಳೇ ಇನ್ನೂ ಜಗಳ ಆಡ್ತಿದಾರೆ. ಅತ್ತೆ ಕಾಯಿಲೆಗಂತೂ ಇದು ಔಷಧ ಅಲ್ಲ."

ಬಾಗಿಲಲ್ಲಿ ನಿಂತಿದ್ದ ರಮ್ಯ ನೆಮ್ಮದಿಯಿಂದ ಚಹಾ ಮಾಡಲು ಒಳಗೆ ಹೋದಳು. ಶಾಂತವೀರಪ್ಪ ಪುಸ್ತಕ ವಾಪಸು ತೆಗೆದುಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದರು.

"ಆ ಇಲಿಗಳು ಏನು ಕಲ್ತಿದ್ವು?"

"ಕಲ್ತಿದ್ದೇನಿಲ್ಲ. ಬೋನಿನೊಳಗೆ ಒಂದು ಚಕ್ರ ಇಟ್ಟಿರ್ತೀವಿ. ಅದನ್ನ ತುಳಿದು ತಿರುಗಿಸ್ತಿದ್ವು."

"ಚಕ್ರ," ಎಂದರು ಶಾಂತವೀರಪ್ಪ, ಗೋಡೆಗೆ ಒರಗಿಸಿದ್ದ ಮೊಮ್ಮಗಳ ಸೈಕಲ್ಲನ್ನು ನೋಡುತ್ತ.

ಸಂಜೆ ಮಾವ ಅತ್ತೆಯರ ಹಿಂದೆ ಮಮತಾ ತಾನೂ ಶಾಲೆಯ ಮೈದಾನಕ್ಕೆ ಹೋದಳು. ರಮ್ಯ ಮುಖ ಗಂಟಿಕ್ಕಿಕೊಂಡು ಜೊತೆಗೆ ಬಂದಳು.

ಗುಡ್ಡಮ್ಮ ಸೈಕಲ್ಲನ್ನು ಕಂಡು ಹಿಂದೆ ಸರಿದರು. "ನಾ ಹುಟ್ಟಿದಾಗಿಂದ ಇದನ್ನ ಮುಟ್ಟಿದೋಳಲ್ಲ. ಬಿದ್ರೆ ಯಾರ್ರೀ ನೋಡೋರು?"

"ದಿನಾ ಇದನ್ನೇ ಅಂತಾಳೆ," ಎಂದು ಶಾಂತವೀರಪ್ಪ ಹ್ಯಾಂಡಲ್ಲು ಕೈಗೆ ಕೊಟ್ಟರು.

ಗುಡ್ಡಮ್ಮ ಗೊಣಗುತ್ತಲೇ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸೀಟಿನ ಮೇಲೆ ಕೂತರು. ಶಾಂತವೀರಪ್ಪ ಹಿಂದಿನ ಕ್ಯಾರಿಯರ್ ಹಿಡಿದು ತುಸು ದೂರ ಓಡಿ, ಕೈ ಬಿಟ್ಟರು. "ರೀ, ಬಿಡಬ್ಯಾಡ್ರಿ ಮತ್ತೆ," ಎನ್ನುತ್ತ ಗುಡ್ಡಮ್ಮ ಒಬ್ಬರೇ ನೆಟ್ಟಗೆ ಹೊರಟರು. ಅವರು ಮರೆತದ್ದನ್ನು ಅವರ ಕಾಲು ಮರೆತಿರಲಿಲ್ಲ. ಮೈ ಕಲಿತದ್ದನ್ನು ಮಿದುಳು ಬೇರೆಯೇ ಜಾಗದಲ್ಲಿ ಇಟ್ಟುಕೊಳ್ಳುತ್ತದೆಂದು ಮಮತಾಗೆ ಗೊತ್ತಿತ್ತು. ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಇದನ್ನೇ ಪಾಠ ಮಾಡುತ್ತಿದ್ದಳು. ಆದರೂ ಮೈ ಜುಮ್ಮೆಂದಿತು. ಪಕ್ಕದಲ್ಲಿ ರಮ್ಯ ಬಾಯಿಯ ಮೇಲೆ ಕೈಯಿಟ್ಟು ನಿಂತಿದ್ದಳು.

"ನಿಲ್ಲಿಸೋದು ಬರ್ತದಾ ಅತ್ತೆಗೆ?" ಎಂದು ಕೇಳಿದಳು ಮಮತಾ.

"ಅದಿನ್ನೂ ಕಲಿಸಿಲ್ಲ," ಎಂದ ಶಾಂತವೀರಪ್ಪ ಪಂಚೆ ಎತ್ತಿ ಕಟ್ಟಿ, ಹೆಂಡತಿಗಿಂತ ಮೊದಲು ಮೈದಾನದ ಆ ತುದಿ ಮುಟ್ಟಲು ಅಡ್ಡದಾರಿಯಲ್ಲಿ ಓಡಿದರು.